ನನ್ನ ತಮ್ಮ ಆರಿಸಿದ ನಾಲ್ಕು ಕಾರ್ಡು

ಶಹಾಪುರದಲ್ಲಿ ಯಾರಾದರೂ ಹಳೆಯ ಸಾಮಾನು ಕೊಂಡು ಮೋಸ ಹೋದರೆ ಈಗ ಒಂದು ಮಾತು ಹೇಳುತ್ತಾರೆ: ಮರಿಲಿಂಗ ಮಾಲು ಆರಿಸಿದಂಗಾತು. ಮೊನ್ನೆ ನಾನು ಹಂಪಣ್ಣನವರ ಕಿರಾಣಿ ಅಂಗಡಿಯ ಮುಂದೆ ಬೆಲ್ಲಕ್ಕೆ ನಿಂತಿದ್ದಾಗ ಒಬ್ಬ ಇನ್ನೊಬ್ಬನಿಗೆ ಹೀಗೆಂದು ನಕ್ಕ. ಹಂಪಣ್ಣನವರು ನನ್ನ ಮುಖ ನೋಡಿದವರು ತಕ್ಕಡಿಯ ಕಡೆ ತಿರುಗಿಬಿಟ್ಟರು. ನಕ್ಕವನಿಗೆ ನಾನು ಯಾರೆಂದು ಗೊತ್ತಿರಲಿಲ್ಲ.

ಆ ಮರಿಲಿಂಗ ನನ್ನ ತಮ್ಮ. ಅವನು ಮಣ್ಣಾಗಿ ಎರಡು ವರ್ಷದ ಮೇಲಾಯಿತು. ಅವನು ಆರಿಸಿದ್ದರಲ್ಲಿ ತಪ್ಪಿರಲಿಲ್ಲ. ತಪ್ಪು ಯಾರದೆಂದು ಅವನು ಊರಿಗೆ ಹೇಳಲಿಲ್ಲ, ನಾನೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಹೆಸರು ದೇವಕಮ್ಮ, ನಾವು ದೋರನಹಳ್ಳಿಯವರು. ನಮ್ಮವ್ವ ಅವನನ್ನು ಹೆತ್ತ ಹದಿನಾರನೆಯ ದಿನ ಹೋದಳು. ನನಗಾಗ ಇಪ್ಪತ್ತೊಂದು, ಅದೇ ಊರಿಗೆ ಕೊಟ್ಟಿದ್ದರು. ತವರಿನ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಡನ ಮನೆಗೆ ತಂದೆ. ಗಂಡ ಅಂಬ್ರಪ್ಪ ಹೊಲದ ಕೆಲಸಕ್ಕೆ ಹೋದಲ್ಲಿಂದ ಸಂಜೆ ಒಂದು ಗಿಂಡಿ ಆಡಿನ ಹಾಲು ತಂದ. ಹಾಗೆ ಬೆಳೆದ ಹುಡುಗ ಅವನು. ಏನು ಕೊಟ್ಟರೂ ಮೊದಲು ಮೂಗಿಗೆ ಹಿಡಿಯುತ್ತಿದ್ದ. ರೊಟ್ಟಿ, ಹೊಸ ಅಂಗಿ, ಸಾಲಿಯ ಪುಸ್ತಕ, ಎಲ್ಲವನ್ನೂ ಮೂಸಿ ನೋಡುವುದು. ನಾಯಿಯ ಹುಟ್ಟು ಎಂದು ನಾನು ಬೈಯುತ್ತಿದ್ದೆ.

ಆ ಮೂಗೇ ಅವನಿಗೆ ಅನ್ನ ಹಾಕಿತು. ಯಾದಗಿರಿಯಲ್ಲಿ ಒಬ್ಬ ಉಸ್ತಾದರ ಹತ್ತಿರ ಮೋಟಾರು ಸುತ್ತುವ ಕೆಲಸ ಕಲಿತ. ಸುಟ್ಟ ಮೋಟಾರಿನ ಒಳಗಿನ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಬೇಕು, ಆಮೇಲೆ ಅದನ್ನು ವಾರ್ನಿಷಿನಲ್ಲಿ ಮುಳುಗಿಸಿ ಭಟ್ಟಿಯಲ್ಲಿಟ್ಟು ಒಣಗಿಸಬೇಕು. ಶಹಾಪುರದಲ್ಲಿ ಅವನದೇ ಅಂಗಡಿ ಆದ ಮೇಲೆ ನಾನು ಬುತ್ತಿ ಒಯ್ದಾಗ ನೋಡಿದ್ದೇನೆ. ರೈತರು ಎತ್ತಿನ ಗಾಡಿಯಲ್ಲಿ, ಟಂಟಂ ರಿಕ್ಷಾದಲ್ಲಿ ಮೋಟಾರು ತಂದಿಳಿಸುತ್ತಿದ್ದರು. ಇವನು ಮುಚ್ಚಳ ಬಿಚ್ಚುತ್ತಿರಲಿಲ್ಲ. ಬಗ್ಗಿ ಮೋಟಾರಿನ ಬಾಯಿಗೆ ಮೂಗು ಹಚ್ಚಿ, ಮೂರರಲ್ಲಿ ಒಂದು ಫೇಸ್ ಕರೆಂಟು ಹೋದ ಮೇಲೂ ಓಡಿಸಿದ್ದೀರಿ, ಅದಕ್ಕೇ ಸುಟ್ಟಿದೆ ಎನ್ನುತ್ತಿದ್ದ. ರೈತ ತಲೆ ತಗ್ಗಿಸುತ್ತಿದ್ದ, ಏಕೆಂದರೆ ಅದು ನಿಜವಿರುತ್ತಿತ್ತು.

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಉಂಟು. ನನ್ನ ಮಗಳು ಪರಿಮಳಾಳನ್ನು ಅವನಿಗೇ ಕೊಟ್ಟೆ. ಅಂಬ್ರಪ್ಪ ತೀರಿದ ಮೇಲೆ ನಾನೂ ಅವರ ಮನೆಗೇ ಬಂದೆ. ಅಳಿಯನ ಮನೆಯಲ್ಲಿ ಅತ್ತೆ ಇರಬಾರದು ಎನ್ನುತ್ತಾರೆ. ತಮ್ಮನ ಮನೆಯಲ್ಲಿ ಅಕ್ಕ ಇರಬಹುದಲ್ಲ. ಅವರಿಗೆ ಮಕ್ಕಳಾಗಲಿಲ್ಲ. ಮೂರು ಜನ, ಮೂರು ತಾಟು.

ವಾರ್ನಿಷಿನ ವಾಸನೆ ಅವನ ಅಂಗಿಯಿಂದ, ಹಾಸಿಗೆಯಿಂದ, ಕೊನೆಗೆ ಬೆವರಿನಿಂದಲೂ ಬರತೊಡಗಿತು. ಮೊದಲು ಕೆಮ್ಮು, ಆಮೇಲೆ ಮೆಟ್ಟಿಲು ಹತ್ತಿದರೆ ದಮ್ಮು. ರಾಯಚೂರಿನ ಡಾಕ್ಟರು ಎದೆಯ ಫೋಟೊ ಬೆಳಕಿಗೆ ಹಿಡಿದು ತೋರಿಸಿದರು. ಇನ್ನೊಂದು ವರ್ಷ ಆ ಹೊಗೆ ಕುಡಿದರೆ ಔಷಧಕ್ಕೆ ಕೆಲಸವಿಲ್ಲ. ಬಿಟ್ಟರೆ ಇದ್ದಷ್ಟಾದರೂ ಉಳಿಯುತ್ತದೆ ಎಂದರು. ಅದು ಎರಡು ಸಾವಿರದ ಇಪ್ಪತ್ತೊಂದರ ಬೇಸಿಗೆಗೆ ಮುಂಚೆ. ಅವನಿಗೆ ನಲವತ್ತೆಂಟು. ಬೇರೆ ಕಸುಬು ಬರುತ್ತಿರಲಿಲ್ಲ. ಹೊಗೆಯಿಲ್ಲದ ಒಂದು ಕೆಲಸ ಸಿಕ್ಕರೆ ಬದುಕು, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಮೂವರಿಗೂ ಅದು ಗೊತ್ತಿತ್ತು.

ಕೆಲಸವನ್ನು ತೋರಿಸಿದವಳು ನುಜ್ಹತ. ಸುರಪುರದಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದ ಹುಡುಗಿ. ಅವಳ ಕ್ಲಾಸಿನ ಬ್ಯಾಟರಿ, ಸ್ಟೆಬಿಲೈಜರು ಕೆಟ್ಟರೆ ಇವನೇ ಹೋಗಿ ರಿಪೇರಿ ಮಾಡುತ್ತಿದ್ದ. ಲಾಕ್‌ಡೌನಿನಲ್ಲಿ ಕ್ಲಾಸು ಮುಚ್ಚಿ ಅವಳೂ ಖಾಲಿ ಕೂತಿದ್ದಳು. ಹೈದರಾಬಾದಿನಲ್ಲಿ ಅವಳ ಅಣ್ಣ ಕಂಪ್ಯೂಟರಿನಿಂದ ನಾಣ್ಯ ತೆಗೆಯುವ ಮಶೀನು ಇಟ್ಟಿದ್ದನಂತೆ. ಕೈಯಲ್ಲಿ ಹಿಡಿಯುವ ನಾಣ್ಯವಲ್ಲ, ಫೋನಿನೊಳಗೆ ಇರುವುದು. ಮಾರಿದರೆ ಬ್ಯಾಂಕಿಗೆ ರೊಕ್ಕ ಬೀಳುತ್ತದೆ.

ನನಗೆ ತಿಳಿಯಲಿಲ್ಲ. ಮರಿಲಿಂಗ ತಿಳಿಸಿ ಹೇಳಿದ: "ಅಕ್ಕಾ, ಒಂದು ಕೀಲಿ ಅದ ಅನ್ಕೋ. ಅದರ ಕೀಲಿಕೈ ಯಾವುದಂತ ಯಾರಿಗೂ ಗೊತ್ತಿಲ್ಲ. ಜಗತ್ತಿನ್ಯಾಗ ಎಲ್ಲಾರೂ ಒಂದೊಂದ ಕೀಲಿಕೈ ಹಾಕಿ ತಿರುವಿ ನೋಡಾಕತ್ತಾರ. ಯಾರದು ಹತ್ತತದ ಅವರಿಗಿ ಕೂಲಿ. ನಾವು ಒಬ್ಬರ ಹೋದ್ರ ಜನ್ಮ ಹಿಡೀತದ, ಅದಕ್ಕ ಗುಂಪಿನ್ಯಾಗ ಸೇರಿ ಕೂಲಿ ಹಂಚ್ಕೋತೀವಿ."

ಆ ಕೀಲಿಕೈ ತಿರುವುವ ಕೆಲಸಕ್ಕೆ ಮಾಮೂಲಿ ಕಂಪ್ಯೂಟರು ಸಾಲದು. ಆಟ ಆಡಲು, ಸಿನಿಮಾ ಚಿತ್ರ ಮಾಡಲು ಹಾಕುವ ಗ್ರಾಫಿಕ್ಸ್ ಕಾರ್ಡು ಬೇಕು. ಒಂದೊಂದು ಕಾರ್ಡು ಇಟ್ಟಂಗಿಯಷ್ಟು ದಪ್ಪ. ಅವನು ಅಲ್ಲಿಯತನಕ ಅಂಥದ್ದನ್ನು ಕಣ್ಣಲ್ಲಿ ಕಂಡವನಲ್ಲ. ಆರು ತಿಂಗಳು ವಾರಕ್ಕೊಮ್ಮೆ ಬಸ್ಸು ಹತ್ತಿ ಸುರಪುರಕ್ಕೆ ಹೋದ, ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡು ಬಂದ. ನಾನೂ ಒಂದೆರಡು ಸಲ ಜೊತೆಗೆ ಹೋಗಿದ್ದೆ. ನುಜ್ಹತ ಚಹಾ ಕೊಟ್ಟು ನೆಟ್ಟಗೆ ಹೇಳಿದಳು: "ಅಣ್ಣಾರ, ಇದು ನೌಕ್ರಿ ಅಲ್ಲ. ಎಷ್ಟು ದಿನ ನಡೀತದ ನನಗೂ ಗೊತ್ತಿಲ್ಲ."

"ನನಗ ಉಸಿರು ಇರೂತನಕ ನಡದ್ರ ಸಾಕವಾ."

ಸುದ್ದಿ ಹಂಪಣ್ಣನವರ ಅಂಗಡಿಗೆ ಮುಟ್ಟಿತು. ಅವರ ಅಂಗಡಿಗೂ ನಮ್ಮ ಮನೆಗೂ ಒಂದೇ ಗೋಡೆ. ನಾಣ್ಯ ತೆಗೆಯುವುದಕ್ಕೆ ಮೈನಿಂಗ್, ಅಂದರೆ ಗಣಿಗಾರಿಕೆ, ಎನ್ನುತ್ತಾರೆಂದು ಕೇಳಿ ಅವರು ಗಿರಾಕಿಗಳ ಎದುರೇ ಕರೆದರು: "ಏನಪಾ ಮರಿಲಿಂಗಾ, ಮನ್ಯಾಗ ಗಣಿ ತೋಡಾಕತ್ತಿಯಂತ? ಬಂಗಾರ ಹತ್ತಿದ್ರ ನಿನಗಿರ್ಲಿ, ನಮ್ಮ ಗ್ವಾಡಿ ಬುನಾದಿ ನೋಡ್ಕೊಂಡು ತೋಡಪ್ಪ." ಎಲ್ಲರೂ ನಕ್ಕರು. ಅವನೂ ನಕ್ಕ, ನಕ್ಕು ಕೆಮ್ಮಿದ.

ಅಂಗಡಿ ಮಾರಿದ. ಸುತ್ತುವ ಮಶೀನು, ಭಟ್ಟಿ, ವಾರ್ನಿಷಿನ ತೊಟ್ಟಿ, ಎಲ್ಲ. ಭಟ್ಟಿಯನ್ನು ಗಾಡಿಗೆ ಏರಿಸುವಾಗ ಅವನು ನೋಡಲಿಲ್ಲ, ಪರಿಮಳಾ ನೋಡಿದಳು. ಪೀಡೆ ಹೋತು ಎಂದು ಕಸಬರಿಗೆ ಹಿಡಿದು ಆ ಜಾಗ ಗುಡಿಸಿದಳು. ಅವಳು ಅಷ್ಟು ಹಗುರಾಗಿ ನಡೆದದ್ದನ್ನು ನಾನು ಮದುವೆಯಾದ ವರ್ಷ ಬಿಟ್ಟರೆ ಆಗಲೇ ನೋಡಿದ್ದು.

ಮಾಲು ಕೊಳ್ಳಲು ಹೈದರಾಬಾದಿಗೆ ಹೋಗುವಾಗ ನನ್ನನ್ನು ಕರೆದುಕೊಂಡ. ನಾನು ಮತ್ತು ಅಂಬ್ರಪ್ಪ ವಯಸ್ಸಿನಲ್ಲಿ ಅಲ್ಲಿ ನಾಲ್ಕು ವರ್ಷ ಕಟ್ಟಡದ ಕೆಲಸ ಮಾಡಿದವರು. ಅಲ್ಲಿಯ ಮಾತು ನನಗೆ ಬರುತ್ತದೆ. ಅವನಿಗೆ ದಮ್ಮು ಹತ್ತಿದರೆ ಮಾತೇ ನಿಲ್ಲುತ್ತಿತ್ತು. ಯಾದಗಿರಿಯಿಂದ ಬಸ್ಸು. ಗುರುಮಠಕಲ್ ದಾಟುವಾಗ ಕಂಡಕ್ಟರು ಕನ್ನಡ ಬಿಟ್ಟು ತೆಲುಗು ಶುರು ಮಾಡಿದ. ಮರಿಲಿಂಗ ದಾರಿಯುದ್ದಕ್ಕೂ ನೋಟುಬುಕ್ಕು ಓದಿದ, ಪರೀಕ್ಷೆಗೆ ಹೋಗುವ ಹುಡುಗನ ಹಾಗೆ.

ಕಂಪ್ಯೂಟರ್ ಬಜಾರಿನಲ್ಲಿ ಆ ವರ್ಷ ಹೊಸ ಕಾರ್ಡು ಸಿಗುತ್ತಿರಲಿಲ್ಲ, ಸಿಕ್ಕರೂ ಮುಟ್ಟುವ ಹಾಗಿರಲಿಲ್ಲ. ಹಳೆಯವೇ ಗತಿ. ಅಂಗಡಿಯವನು ಮೊದಲು ನಾಲ್ಕು ಜೀಬಿ ಮೆಮೊರಿಯ ಕಾರ್ಡು ತೋರಿಸಿದ. ಅಗ್ಗ ಇತ್ತು, ನಮ್ಮ ರೊಕ್ಕಕ್ಕೆ ಆರು ಬರುತ್ತಿದ್ದವು. ಮರಿಲಿಂಗ ಬೇಡವೆಂದ. ಆ ನಾಣ್ಯದ ಲೆಕ್ಕದ ಗಂಟು ದಿನದಿನಕ್ಕೆ ದೊಡ್ಡದಾಗುತ್ತದೆ, ಅದನ್ನು ಕಾರ್ಡು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳಬೇಕು. ನಾಲ್ಕರ ಹೊಟ್ಟೆಯಲ್ಲಿ ಅದು ಈಗಾಗಲೇ ಹಿಡಿಸುವುದಿಲ್ಲ ಎಂದು ನುಜ್ಹತ ಬರೆಸಿದ್ದಳು. ಎಂಟರದೇ ಬೇಕು, ನಾಲ್ಕೇ ಬರಲಿ ಎಂದ.

ಎಂಟರವು ಹನ್ನೊಂದು ಕಾರ್ಡು ಮೇಜಿನ ಮೇಲೆ ಬಂದವು. ಅವನು ಒಂದೊಂದನ್ನೇ ಎತ್ತಿ ಮೂಗಿಗೆ ಹಿಡಿದ. ಇವನು ಕಾರ್ಡು ಕೊಳ್ಳಲು ಬಂದನೋ ಮೂಸಲು ಬಂದನೋ ಎಂದು ಅಂಗಡಿಯವನು ನನ್ನನ್ನು ಕೇಳಿದ. ಸುಮ್ಮನೆ ನೋಡು ಎಂದೆ. ಮೂರನೆಯದನ್ನು ಮೂಸಿದವನೇ ಪಕ್ಕಕ್ಕಿಟ್ಟ. "ಇದನ್ನ ಭಟ್ಟ್ಯಾಗ ಇಟ್ಟು ತಗದಾರ ಅಂತ ಕೇಳಕ್ಕಾ" ಎಂದ. ನಾನು ಕೇಳಿದೆ. ಅಂಗಡಿಯವನ ನಗು ನಿಂತಿತು. ಸತ್ತ ಕಾರ್ಡನ್ನು ಬಿಸಿ ಭಟ್ಟಿಯಲ್ಲಿಟ್ಟರೆ ಬೆಸುಗೆ ಕರಗಿ ಕೂತು ಸ್ವಲ್ಪ ದಿನ ಜೀವ ಬರುತ್ತದಂತೆ. ಹಾಗೆ ಮಾಡಿ ಮಾರುವವರಿದ್ದಾರಂತೆ. ಅವನು ಒಳಗಿನವರನ್ನು ಕರೆದು, ಈ ಹಳ್ಳಿಯವನು ಮೂಗಿನಿಂದ ಹಿಡಿದ ನೋಡಿರಿ ಎಂದು ತೋರಿಸಿದ.

ಆಮೇಲೆ ಫ್ಯಾನುಗಳನ್ನು ಬೆರಳಿನಿಂದ ತಿರುಗಿಸಿ ಕಿವಿಗೆ ಹಿಡಿದ. ತಿರುಪು ಬಿಚ್ಚಿದ ಗುರುತು ಇದೆಯೇ ನೋಡಿದ. ಹನ್ನೊಂದರಲ್ಲಿ ಏಳು ಬಿಟ್ಟು ನಾಲ್ಕು ಆರಿಸಿದ. ಎಲ್ಲಾ ಕಾರ್ಡು ಕೂರುವ ದೊಡ್ಡ ಬೋರ್ಡು ಆರಿಸಿದ, ಮುಂದೆ ಇನ್ನೆರಡು ಸೇರಿಸಲು ಜಾಗ ಇರಲೆಂದು. ಕರೆಂಟು ಕೊಡುವ ಡಬ್ಬಿಯನ್ನು ಮಾತ್ರ ಹೊಸದೇ ಕೊಂಡ. ಎರಡು ಕಂಪನಿಯವನ್ನು ಎರಡು ಕೈಯಲ್ಲಿ ಹಿಡಿದು ತೂಗಿ, ಭಾರದ್ದನ್ನು ತಗೊಂಡ. ಹಗುರಿನದರಲ್ಲಿ ತಾಮ್ರ ಕದ್ದಿರುತ್ತಾರೆ ಎಂದ. ಬೇಕಾದದ್ದಕ್ಕಿಂತ ಅರ್ಧದಷ್ಟು ಹೆಚ್ಚಿನ ತಾಕತ್ತಿನದು. ಪೂರ್ತಿ ಭಾರ ಹೊತ್ತ ಮೋಟಾರು ಬಹಳ ದಿನ ಬಾಳುವುದಿಲ್ಲ ಎಂಬುದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅದನ್ನು ಓಡಿಸುವ ಪ್ರೋಗ್ರಾಮನ್ನೂ ಅವನೇ ಆರಿಸಿದ. ಎಲ್ಲರ ಮನೆಯ ಕಂಪ್ಯೂಟರಿನಲ್ಲಿರುವ ವಿಂಡೋಸ್ ಹಾಕಬಹುದಿತ್ತು. ಅದು ತನಗೆ ಬೇಕಾದಾಗ ಆರಿ, ತನಗೆ ಬೇಕಾದಾಗ ಏಳುತ್ತದೆ ಎಂದು ನುಜ್ಹತ ಹೇಳಿದಳು. ಇನ್ನೊಂದು ಇತ್ತು, ಬೆರಳಿನಷ್ಟು ಪೆನ್‌ಡ್ರೈವಿನಲ್ಲಿ ಹಿಡಿಸುವುದು. ನಮ್ಮಲ್ಲಿ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೋ ಯಾರು ಎಣಿಸುತ್ತಾರೆ. ಮರಿಲಿಂಗ ಒಂದೇ ಪ್ರಶ್ನೆ ಕೇಳಿದ: ಕರೆಂಟು ಹೋಗಿ ಬಂದರೆ ಯಾವುದು ತಾನೇ ಎದ್ದು ಕೆಲಸ ಹಿಡಿಯುತ್ತದೆ? ಪೆನ್‌ಡ್ರೈವಿನದು ಎಂದಳು. ಅದನ್ನೇ ಹಾಕಿಸಿದ. ಅದರಲ್ಲಿ ಇನ್ನೊಂದು ಅನುಕೂಲ, ಮಶೀನು ಶಹಾಪುರದಲ್ಲಿದ್ದರೂ ಅದರ ಕಾವು ಎಷ್ಟಿದೆ ಎಂದು ನುಜ್ಹತ ಸುರಪುರದಲ್ಲಿ ಕೂತು ತನ್ನ ಫೋನಿನಲ್ಲಿ ನೋಡಬಹುದು.

ದೀಪಾವಳಿಯ ಹೊತ್ತಿಗೆ ಮಶೀನು ಶುರುವಾಯಿತು. ಕಬ್ಬಿಣದ ಪಟ್ಟಿಯ ಚೌಕಟ್ಟು ಅವನೇ ಮಾಡಿದ. ಹಿಂದಿನ ಖೋಲಿಯಲ್ಲಿ ಬಾಬಾಸಾಹೇಬರ ಫೋಟೊದ ಕೆಳಗೆ ನಾಲ್ಕು ಕಾರ್ಡು ಸಾಲಾಗಿ ಕೂತು ಗುಂಯ್ ಎನ್ನುತ್ತಿದ್ದವು. ಕಾರ್ಡುಗಳನ್ನು ಪೂರ್ತಿ ಜೋರಿನಿಂದ ಓಡಿಸಲಿಲ್ಲ. ತಿಂಗಳ ಕೂಲಿ ಸ್ವಲ್ಪ ಕಡಿಮೆ ಬಂದರೂ ಸರಿ ಎಂದು ಪ್ರೋಗ್ರಾಮಿನಲ್ಲಿ ಕರೆಂಟು ಕಡಿಮೆ ಮಾಡಿಟ್ಟ. ಕೂಲಿ ಬಂತು. ಅಂಗಡಿಯಲ್ಲಿ ಬರುವಷ್ಟಲ್ಲ, ಆದರೆ ಮೂರು ತಾಟಿಗೆ ಸಾಕು.

ಆ ಐದು ತಿಂಗಳು ನಾನು ಮರೆಯುವುದಿಲ್ಲ. ಹುಣ್ಣಿಮೆಯಿಂದ ಹುಣ್ಣಿಮೆಗೆ ಕೆಮ್ಮು ಇಳಿಯಿತು. ಸಂಕ್ರಾಂತಿಯ ಹೊತ್ತಿಗೆ ಅಂಗಿಯಲ್ಲಿ ವಾಸನೆ ಇರಲಿಲ್ಲ. ಪರಿಮಳಾ ಒಗೆದ ಅಂಗಿಯನ್ನು ನನ್ನ ಮೂಗಿಗೆ ಹಿಡಿದು, "ನೋಡವ್ವಾ, ಬರೇ ಸಬಕಾರದ ವಾಸನಿ" ಎಂದಳು. ಅವನು ಬೆಳಿಗ್ಗೆ ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದ, ಮೂರನೆಯ ಮೆಟ್ಟಿಲಲ್ಲಿ ನಿಲ್ಲದೆ ಮಾಳಿಗೆ ಹತ್ತುತ್ತಿದ್ದ.

ಮಾರ್ಚಿನಲ್ಲಿ ಒಂದು ದಿನ ಟಂಟಂನಲ್ಲಿ ಒಂದು ಕೂಲರ್ ತಂದಿಳಿಸಿದ. ನೀರು ಹಾಕಿ ಹುಲ್ಲಿನ ಪರದೆಯ ಮೂಲಕ ಗಾಳಿ ಬಿಡುವ ದೊಡ್ಡ ಕೂಲರ್, ಕೆಳಗೆ ಗಾಲಿ. "ಅಕ್ಕಾ, ನಿನ್ನ ಖೋಲಿ ಬ್ಯಾಸಿಗ್ಯಾಗ ರೊಟ್ಟಿ ಹಂಚಿನಂಗ ಕಾಯ್ತದ. ಈ ಬ್ಯಾಸಿಗಿ ತಂಪ ಮಲಕೋ" ಎಂದ. ನಾನು ಹುಟ್ಟಿದಾಗಿನಿಂದ ನನ್ನದೇ ಎಂದು ಯಾರೂ ಮಶೀನು ತಂದುಕೊಟ್ಟಿರಲಿಲ್ಲ.

ಏಪ್ರಿಲಿನಲ್ಲಿ ಕಲ್ಲುಹಾಸಿನ ಮಾಳಿಗೆ ಕಾದು ಹಿಂದಿನ ಖೋಲಿಯಲ್ಲಿ ನಿಲ್ಲಲಾಗುತ್ತಿರಲಿಲ್ಲ. ಎರಡನೆಯ ಕಾರ್ಡಿನ ಫ್ಯಾನು ಕಿರ್ ಎನ್ನತೊಡಗಿತು. ಮರಿಲಿಂಗ ಅದಕ್ಕೆ ಹೊಸದು ತರಿಸಿ, ಸಣ್ಣ ಪೆಟ್ಟಿಗೆಯನ್ನು ಗೋಡೆಯ ಮಾಡದಲ್ಲಿಟ್ಟ. ಹಾಕುವುದರೊಳಗೆ ಅವನಿಗೆ ಜ್ವರ ಬಂತು, ಎದೆ ಬಿಗಿಯಿತು. ಪರಿಮಳಾ ಅವನನ್ನು ರಾಯಚೂರಿಗೆ ಕರೆದುಕೊಂಡು ಹೋದಳು, ದವಾಖಾನೆಯಲ್ಲಿ ಇಟ್ಟುಕೊಂಡರು. ಹೊರಡುವಾಗ ಹೇಳಿದ: "ಸುಟ್ಟ ವಾಸನಿ ಬಂದ್ರ ಈ ಕೆಂಪು ಬಟನ್ ಒತ್ತು. ಮತ್ತೇನೂ ಮುಟ್ಟಬ್ಯಾಡ ಅಕ್ಕಾ. ನುಜ್ಹತ ಫೋನಿನ್ಯಾಗ ನೋಡ್ಕೋತಾಳ." ಅವನ ಹಳೆಯ ಫೋನನ್ನು ನನ್ನ ಕೈಯಲ್ಲಿಟ್ಟ.

ಮರುದಿನ ಮಧ್ಯಾಹ್ನ ಆ ಫೋನು ಬಡಿಯಿತು, ನುಜ್ಹತಳದು. ಅವತ್ತಿನ ಒಂದೊಂದು ಮಾತೂ ನನಗೆ ನೆನಪಿದೆ.

"ಅವ್ವಾರ, ಎರಡನೇ ಕಾರ್ಡಿನ ಕಾವು ಎಂಬತ್ತೈದಕ್ಕ ಏರ್ಯಾದ್ರಿ. ಅದರ ಕೂಲರ್ ನಿಂತಂಗ ಕಾಣ್ತದ. ಅಣ್ಣಾರು ಹೊಸಾ ಕೂಲರ್ ತರಿಸಿದ್ರಲ್ಲ, ಅದು ಮನ್ಯಾಗ ಅದ ಏನ್ರಿ?"

"ಅದ ಅಲ್ಲವಾ. ನನ್ನ ಕಣ್ಣ ಮುಂದೇ ಅದ."

"ಹಂಗಾರ ಅದನ್ನ ಹಚ್ಚಿಬಿಡ್ರಿ. ತಡಾ ಮಾಡಬ್ಯಾಡ್ರಿ."

"ಈಗಿಂದೀಗ ಹಚ್ತೀನಿ ತಗೋ."

ಕಂಪ್ಯೂಟರ್ ಕಲಿತವರು ಕಾರ್ಡಿನ ಮೈಮೇಲಿನ ಸಣ್ಣ ಫ್ಯಾನನ್ನು ಕೂಲರ್ ಎನ್ನುತ್ತಾರೆ. ನಮ್ಮ ಶಹಾಪುರದಲ್ಲಿ ಕೂಲರ್ ಅಂದರೆ ಒಂದೇ. ಹಚ್ಚುವುದು ಅಂದರೆ ಅಂಟಿಸುವುದೂ ಹೌದು, ದೀಪ ಹಚ್ಚಿದ ಹಾಗೆ ಬಟನ್ ಒತ್ತಿ ಚಾಲೂ ಮಾಡುವುದೂ ಹೌದು. ಅವಳು ಒಂದು ಹೇಳಿದಳು, ನಾನು ಇನ್ನೊಂದು ಕೇಳಿದೆ. ಇಬ್ಬರಿಗೂ ಸಮಾಧಾನವಾಯಿತು.

ನನ್ನ ಕೂಲರನ್ನು ದಬ್ಬಿಕೊಂಡು ಹಿಂದಿನ ಖೋಲಿಗೆ ಒಯ್ದೆ. ಕಾರ್ಡುಗಳ ಎದುರಿಗೇ, ಒಂದು ಮೊಳ ದೂರದಲ್ಲಿ ನಿಲ್ಲಿಸಿದೆ. ನಳದ ನೀರು ಬಂದು ಐದು ದಿನವಾಗಿತ್ತು, ಇದ್ದದ್ದು ಎರಡು ಕೊಡ ಕುಡಿಯುವ ನೀರು. ಅದನ್ನು ಮಶೀನಿಗೆ ಸುರಿಯಲು ಮನಸಾಗಲಿಲ್ಲ. ಬೋರಿನ ನೀರು ತಂದು ಹಾಕಿದೆ. ನಮ್ಮ ಬೋರಿನ ನೀರು ಎಂಥದ್ದೆಂದು ನನಗಿಂತ ಹೆಚ್ಚು ಯಾರಿಗೆ ಗೊತ್ತು? ನೀರು ಕಾಯಿಸುವ ಹಂಡೆಯಲ್ಲಿ ತಿಂಗಳಿಗೊಮ್ಮೆ ಬಿಳಿ ಉಪ್ಪಿನ ಹಕ್ಕಳೆಯನ್ನು ಕಲ್ಲಿನಿಂದ ಕೆರೆದು ತೆಗೆಯುವವಳು ನಾನೇ.

ಸ್ವಲ್ಪ ಹೊತ್ತಿಗೆ ನುಜ್ಹತ ಫೋನು ಮಾಡಿದಳು. "ಅರವತ್ತಕ್ಕ ಇಳೀತ್ರಿ ಅವ್ವಾರ, ನಾಕೂ ತಂಪಾಗ್ಯಾವ. ಛಲೋ ಹಚ್ಚೀರಿ." ಹೊರಗೆ ಯಾರನ್ನೋ ಕರೆಸಿ ಫ್ಯಾನು ಹಾಕಿಸಿರಬೇಕು ಎಂದು ಅವಳು ತಿಳಿದಳು. ನಾನು ಹಿಗ್ಗಿದೆ. ರಾಯಚೂರಿಗೆ ಫೋನು ಮಾಡಿ ಮಶೀನು ಸುಖವಾಗಿದೆ, ನೀನು ಹುಷಾರಾಗು ಎಂದೆ. ತಂಪು ಹೇಗಾಯಿತೆಂದು ಹೇಳಲಿಲ್ಲ. ಬಂದ ಮೇಲೆ ತಾನೇ ನೋಡಲಿ, ಅಕ್ಕ ಎಷ್ಟು ಜಾಣೆ ಎಂದು ತಿಳಿಯಲಿ ಅಂತ ಇತ್ತು.

ಐದು ದಿನ ಹೊತ್ತು ಹೊತ್ತಿಗೆ ನೀರು ಹಾಕಿದೆ. ಸೆಕೆಯಲ್ಲಿ ನಾನು ಅಂಗಳದಲ್ಲಿ ಮಲಗಿದೆ, ತಂಪನ್ನು ಮಶೀನಿಗೆ ಬಿಟ್ಟೆ. ಗಾಳಿಯ ಜೊತೆ ಸಣ್ಣ ಹನಿ ಹಾರಿ ಬರುವುದನ್ನು ಕೈಗೆ ತಾಗಿಸಿಕೊಂಡು, ಆಹಾ ಎಂದುಕೊಂಡೆ.

ಆರನೆಯ ದಿನ ಫೋನಿನಲ್ಲಿ ಒಂದು ಕಾರ್ಡು ಕಾಣಿಸುತ್ತಿಲ್ಲ ಎಂದಳು ನುಜ್ಹತ. ವಾಯರು ಸಡಿಲಾಗಿರಬೇಕು, ಅಣ್ಣಾರು ಬಂದು ನೋಡಲಿ. ಏಳನೆಯ ದಿನ ಇನ್ನೊಂದು. ಬಹುಶಃ ಸೆಕೆ ಹೆಚ್ಚಾಯಿತೆಂದು ನಾನು ಇನ್ನೆರಡು ಕೊಡ ನೀರು ಹಾಕಿದೆ. ಎಂಟನೆಯ ದಿನ ಮೂರನೆಯದೂ ಹೋಯಿತು, ಸಣ್ಣಗೆ ಸುಟ್ಟ ವಾಸನೆಯೂ ಬಂತು. ಕೆಂಪು ಬಟನ್ ಒತ್ತಿದೆ.

ಒಂಬತ್ತನೆಯ ದಿನ ಅವರು ಬಂದರು. ಅವನು ಚಪ್ಪಲಿ ಬಿಡದೆ ಹಿಂದಿನ ಖೋಲಿಯ ಬಾಗಿಲಿಗೆ ಹೋಗಿ ನಿಂತ. ಕೂಲರನ್ನು ನೋಡಿದ. ಕಾರ್ಡುಗಳ ಮೇಲೆ ಬೂದಿ ಚೆಲ್ಲಿದ ಹಾಗೆ ಬೆಳ್ಳಗೆ ಕೂತಿತ್ತು. ಬೆರಳಿನಿಂದ ತೀಡಿ ನಾಲಗೆಗೆ ಹಚ್ಚಿಕೊಂಡ.

"ಬೋರಿನ ನೀರು ಹಾಕಿದ್ಯೇನಕ್ಕಾ?"

"ಹೂಂ. ಕೂಲರ್ ಹಚ್ಚು ಅಂತ ಆ ಹುಡುಗಿ ಹೇಳಿದ್ಲು."

ಅವನು ಮಾಡದಿಂದ ಆ ಸಣ್ಣ ಪೆಟ್ಟಿಗೆ ತೆಗೆದು ಬಿಚ್ಚಿದ. ಅಂಗೈಯಷ್ಟು ಕರಿ ಫ್ಯಾನು. ಅದನ್ನು ನನ್ನ ಕೈಯಲ್ಲಿಟ್ಟ.

"ಇದೂ ಕೂಲರೇ ಅಕ್ಕಾ."

ಅಷ್ಟು ಹೇಳಿ ನಕ್ಕ. ಆ ನಗೆ ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ, ಪರಿಮಳಾ ಬೆನ್ನು ಸವರಿದಳು. ಅವನಿಗೆ ಉಸಿರು ಬಂದ ಮೇಲೆ ನನ್ನ ಕಡೆ ನೋಡದೆ, "ಮುಟ್ಟಬ್ಯಾಡ ಅಂದಿದ್ರಲ್ಲವ್ವಾ" ಎಂದಳು. ಆವತ್ತಿಗೆ ಅಷ್ಟೇ. ಅದರ ಬಗ್ಗೆ ಇವತ್ತಿನವರೆಗೂ ಇನ್ನೊಂದು ಮಾತು ಆಡಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಸಂಜೆ ಹಂಪಣ್ಣನವರು ಮಾತಾಡಿಸಲು ಬಂದರು. ಗುಂಯ್ ಎನ್ನುವ ಸಪ್ಪಳ ಯಾಕೆ ನಿಂತಿತು ಎಂದು ಕೇಳಿದರು. ನಾನು ಬಾಗಿಲಲ್ಲಿ ಚರಿಗೆ ಹಿಡಿದು ನಿಂತಿದ್ದೆ, ಬಾಯಿ ತೆರೆದೆ. ಅದಕ್ಕಿಂತ ಮುಂಚೆ ಅವನು ಹೇಳಿದ: "ಮಾಲೇ ಸುಮಾರಿತ್ರಿ. ನಾನೇ ಆರಿಸಿದ್ದು ತಪ್ಪಾತು."

"ಹಳೀ ಎತ್ತು ತರುವಾಗ ಹಲ್ಲು ಹಿಡದು ನೋಡ್ಬೇಕಪಾ ಮರಿಲಿಂಗಾ."

"ಹೌದ್ರಿ. ನೋಡಲಿಲ್ಲ."

ಹನ್ನೊಂದು ಕಾರ್ಡನ್ನು ಮೂಸಿ, ಕಿವಿಗೆ ಹಿಡಿದು ನೋಡಿದವನು, ನೋಡಲಿಲ್ಲ ಎಂದ. ನಾನು ಚರಿಗೆ ಹಿಡಿದುಕೊಂಡೇ ನಿಂತೆ. ನುಜ್ಹತಳಿಗೂ ಫೋನಿನಲ್ಲಿ ಅದನ್ನೇ ಹೇಳಿದ. ಮರುದಿನದಿಂದ ಆ ಮಾತು ಊರಾಡಿತು.

ಕಾರ್ಡುಗಳನ್ನು ಬ್ರಷ್ಷಿನಿಂದ ಉಜ್ಜಿದ, ಥಿನ್ನರಿನಿಂದ ಒರೆಸಿದ, ಬಿಸಿಲಿನಲ್ಲಿ ಒಣಗಿಸಿದ. ಮೂರರಲ್ಲಿ ಒಂದು ಎರಡು ದಿನ ಉಸಿರಾಡಿ ನಿಂತಿತು. ಒಳಗಿನ ಎಳೆಗಳನ್ನು ಉಪ್ಪು ತಿಂದಿತ್ತು. ಕೂಲರಿನಿಂದ ದೂರ, ಗೋಡೆಯ ಮೂಲೆಗಿದ್ದ ನಾಲ್ಕನೆಯದಕ್ಕೆ ಏನೂ ಆಗಿರಲಿಲ್ಲ, ಆದರೆ ಒಂದೇ ಕಾರ್ಡಿನ ದುಡಿಮೆಯಲ್ಲಿ ಮೂವರು ಉಣ್ಣುವುದಾಗುತ್ತಿರಲಿಲ್ಲ. ಮತ್ತೆ ಕೊಳ್ಳಲು ಮಾರುವಂಥದ್ದು ಉಳಿದಿರಲಿಲ್ಲ.

ಕಾರಹುಣ್ಣಿಮೆ ಆದ ಮೇಲೆ ಅವನು ಯಾದಗಿರಿಗೆ ಹೋಗತೊಡಗಿದ. ಅವನ ಕೈಕೆಳಗೆ ಕೆಲಸ ಕಲಿತ ಭೀಮು ಅಲ್ಲಿ ದೊಡ್ಡ ಅಂಗಡಿ ಇಟ್ಟಿದ್ದಾನೆ. ಅಲ್ಲಿ ಕೂಲಿಗೆ ಕೂತ. ಭೀಮು ಒಳ್ಳೆಯವನು, "ಉಸ್ತಾದರ, ನೀವು ತಂತಿ ಅಷ್ಟೇ ಸುತ್ರಿ, ಭಟ್ಟಿ ಕಡಿ ಬರಬ್ಯಾಡ್ರಿ" ಎಂದು ಬಾಗಿಲ ಹತ್ತಿರ ಗಾಳಿಗೆ ಕೂರಿಸಿದ. ಆದರೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದಾಗ ದಿನಕ್ಕೆ ಹತ್ತು ಮೋಟಾರು ಬರುತ್ತವೆ. ಭಟ್ಟಿಯ ಹುಡುಗರು ಅರ್ಧ ಒಣಗಿದ್ದನ್ನು ತೆಗೆದು ಕೊಡುತ್ತಿದ್ದರಂತೆ. ತಾನು ಸುತ್ತಿದ ತಂತಿ ಹಸಿ ವಾರ್ನಿಷಿನಲ್ಲಿ ಹೋಗುವುದು ಇವನಿಗೆ ಸಹಿಸಲಾಗಲಿಲ್ಲ. ಭಟ್ಟಿ ನೋಡಿಕೊಳ್ಳಲು ತಾನೇ ಒಳಗೆ ಹೋದ.

ಶ್ರಾವಣದಲ್ಲಿ ಅಂಗಿಯಲ್ಲಿ ವಾಸನೆ ತಿರುಗಿ ಬಂತು. ಪರಿಮಳಾ ಅದನ್ನು ಎರಡು ಸಲ ಒಗೆದಳು, ಮೂರು ಸಲ ಒಗೆದಳು. ನನ್ನ ಮೂಗಿಗೆ ಹಿಡಿಯಲಿಲ್ಲ.

ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ನುಜ್ಹತ ಮನೆಗೆ ಬಂದಳು. ಆ ನಾಣ್ಯವನ್ನು ಕಾರ್ಡಿನಿಂದ ತೆಗೆಯುವುದು ಆ ವಾರದಿಂದ ನಿಂತುಹೋಯಿತು ಎಂದಳು. ಅದನ್ನು ನಡೆಸುವವರು ಕೀಲಿಕೈ ತಿರುವುವ ಪದ್ಧತಿಯನ್ನೇ ತೆಗೆದುಹಾಕಿದರಂತೆ. ಅವಳ ಅಣ್ಣನ ಮಶೀನೂ ಮೂಲೆಗೆ ಬಿದ್ದಿತ್ತು. ಬೇರೆ ನಾಣ್ಯಗಳಿದ್ದವು, ಅವುಗಳಲ್ಲಿ ಕರೆಂಟಿನ ಬಿಲ್ಲೂ ಹುಟ್ಟುತ್ತಿರಲಿಲ್ಲ.

"ಯಾರಿಗೂ ಇಲ್ಲೇನು?" ಎಂದ ಮರಿಲಿಂಗ.

"ಜಗತ್ತಿನ್ಯಾಗ ಯಾರಿಗೂ ಇಲ್ರಿ ಅಣ್ಣಾರ."

ಅವನು ಅವಳ ಕಡೆ ನೋಡದೆ ನನ್ನ ಕಡೆ ನೋಡಿ ಹೇಳಿದ: "ಕೇಳಿದ್ಯಲ್ಲಕ್ಕಾ, ಅದು ಹೆಂಗೂ ನಿಲ್ಲೂದೇ ಇತ್ತು." ಇದನ್ನು ನನಗೇಕೆ ಹೇಳಿದನೆಂದು ನುಜ್ಹತಳಿಗೆ ತಿಳಿಯಲಿಲ್ಲ. ನಾನು ಹೇಳಬೇಕೆಂದು ಎದ್ದೆ. ಅವನು ಅಂಗೈ ಎತ್ತಿ ಕೂಡು ಎಂದ. ಕೂತೆ.

ಮುಂದಿನ ಸಂಕ್ರಾಂತಿ ಅವನು ಕಾಣಲಿಲ್ಲ. ಕೊನೆಯ ಹದಿನೈದು ದಿನ ಮಲಗಲು ಆಗದೆ ಗೋಡೆಗೆ ಒರಗಿ ಕೂತೇ ಇದ್ದ. ಹುಟ್ಟಿದ ಹದಿನಾರನೆಯ ದಿನ ಎತ್ತಿಕೊಂಡ ಕೂಸಿಗೆ ಕೊನೆಯ ನೀರು ಹಾಕಿದವಳೂ ನಾನೇ. ಡಾಕ್ಟರು ಇಂಥ ದಿನ ಎಂದು ಬರೆದುಕೊಟ್ಟಿರಲಿಲ್ಲ. ಹೊಗೆಯಿಂದ ದೂರ ಇದ್ದಷ್ಟು ದಿನ ಅವನವು ಎಂದಿದ್ದರು, ಅಷ್ಟೇ.

ಮಣ್ಣು ಮಾಡಿ ಬಂದ ಮೂರನೆಯ ದಿನ ನುಜ್ಹತಳಿಗೆ ಎಲ್ಲಾ ಹೇಳಿದೆ. ಅವಳು ದುಪಟ್ಟಾದ ಅಂಚು ಹಿಂಡಿದಳು. "ನಾ ಫ್ಯಾನ್ ಅನ್ಬೇಕಿತ್ರಿ" ಎಂದಳು. ಆಮೇಲೆ ಅವಳೂ ಅದನ್ನೇ ಅಂದಳು: ಕಾರ್ಡು ಉಳಿದಿದ್ದರೂ ಸೆಪ್ಟೆಂಬರಿಗೆ ನಿಲ್ಲುತ್ತಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಹೌದು, ನಿಲ್ಲುತ್ತಿತ್ತು. ಆದರೆ ಏಪ್ರಿಲಿನಿಂದ ಸೆಪ್ಟೆಂಬರಿಗೆ ಐದು ತಿಂಗಳು. ಕಾರ್ಡು ಉಳಿದಿದ್ದರೆ ಆ ಐದು ತಿಂಗಳು ಅವನು ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದ, ಭಟ್ಟಿಯ ಬಾಯಿಯಲ್ಲಿ ಇರುತ್ತಿರಲಿಲ್ಲ. ನಾಟಿಯ ಹಂಗಾಮು ಅವನಿಲ್ಲದೆ ಕಳೆಯುತ್ತಿತ್ತು.

ನಾಲ್ಕನೆಯ ಕಾರ್ಡನ್ನು ಅವಳಿಗೆ ಕೊಟ್ಟೆ. ಸುರಪುರದಲ್ಲಿ ಮತ್ತೆ ಕ್ಲಾಸು ತೆರೆದಿದ್ದಾಳೆ. ಬಾಗಿಲ ಹತ್ತಿರದ ಕಂಪ್ಯೂಟರಿನಲ್ಲಿ ಅದನ್ನು ಹಾಕಿದ್ದಾಳೆ, ದಿನಾ ಓಡುತ್ತದೆ, ಒಂದು ದಿನವೂ ಕೆಟ್ಟಿಲ್ಲ. ಮರಿಲಿಂಗನ ಮಾಲು ಹೇಗಿತ್ತೆಂದು ನೋಡಬೇಕಾದವರು ಅಲ್ಲಿಗೆ ಹೋಗಿ ನೋಡಬಹುದು.

ನಾಳೆ ಬೆಲ್ಲಕ್ಕೆ ಹೋದಾಗ ಹಂಪಣ್ಣನವರಿಗೆ ಇದನ್ನೇ ಹೇಳುತ್ತೇನೆ. ಊರಿನ ಬಾಯಿ ಕಟ್ಟುವುದು ಆಗುವುದಿಲ್ಲ, ಮಾತು ಬೇಕೇ ಬೇಕೆಂದರೆ ಬದಲಿ ಮಾತು ಇಲ್ಲಿದೆ: ದೇವಕಮ್ಮ ನೀರು ಹಾಕಿದಂಗಾತು.